ಬೆನ್ನ ಮೇಲಿನ ಬ್ಯಾಚ್ ನಂಬರ್

ಹೋದ ಭಾನುವಾರ ಕುಂಬಾರವಾಡದ ಬಸ್ಸಿನ ಕಿಟಕಿಯಿಂದ ಒಂದು ಗದ್ದೆ ಕಂಡಿತು. ಏಳು ಹೆಂಗಸರು ಬಗ್ಗಿ ಭತ್ತದ ಸಸಿ ನೆಡುತ್ತಿದ್ದರು. ಎಣಿಸುವುದು ನನ್ನ ಚಟ, ಸರಿಯಾಗಿ ಏಳು. ಎಲ್ಲರ ತಲೆಯಿಂದ ಸೊಂಟದವರೆಗೆ ಪ್ಲಾಸ್ಟಿಕ್ ಹಾಳೆಯ ಕೊಪ್ಪೆ. ಐದು ನೀಲಿ, ಎರಡು ದಪ್ಪ ಬಿಳಿ. ಬಿಳಿಯವುಗಳಲ್ಲಿ ಒಂದರ ಬೆನ್ನಿಗೆ ಗೇಣಗಲದ ಕಿತ್ತಳೆ ಬಣ್ಣದ ಚೌಕ ತೇಪೆ ಹಾಕಿತ್ತು. ಬಸ್ಸಿನಲ್ಲಿದ್ದವರಿಗೆ ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ. ಆ ತೇಪೆಯ ಕೆಳಗಿನ ತೂತು ನಾನೇ ಕತ್ತರಿ ಹಿಡಿದು ಮಾಡಿದ್ದು. ಇಳಿದು ಬದುವಿನ ಮೇಲೆ ನಿಂತಾಗ ಕೆಸರಿನ ವಾಸನೆ, ನೆನೆದ ಪ್ಲಾಸ್ಟಿಕ್ಕಿನ ವಾಸನೆ ಎರಡೂ ಒಟ್ಟಿಗೆ ಮೂಗಿಗೆ ಬಡಿದವು. ಎರಡು ವರ್ಷದ ಹಿಂದಿನ ಮಳೆಗಾಲ ಇಡಿಯಾಗಿ ನೆನಪಾಯಿತು.

ಆ ವರ್ಷ ಮೇ ತಿಂಗಳ ಕೊನೆಯ ವಾರ ನಾನು ದಾಂಡೇಲಿಯ ಶಾಂತಕ್ಕನ ಹೊಲಿಗೆ ಘಟಕಕ್ಕೆ ಕೆಲಸಕ್ಕೆ ಸೇರಿದೆ. ಬಿ.ಎಸ್ಸಿ. ಮುಗಿದು ಹನ್ನೊಂದು ತಿಂಗಳಾಗಿತ್ತು. ಶಾಂತಕ್ಕ ಎಂದರೆ ಐವತ್ತೆರಡು ವಯಸ್ಸಿನ, ದೊಡ್ಡ ದನಿಯ ಹೆಂಗಸು. ಗಂಡನ ಜೊತೆ ಧಾರವಾಡದ ಕಡೆಯಿಂದ ಬಂದವರು. ಗಂಡ ಕಾಗದದ ಮಿಲ್ಲಿಗೆ ಹೋದರೆ ಇವರು ಒಂದೇ ಒಂದು ಮಷಿನ್ನಿನಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತ ಕೂತವರು, ಈಗ ಹನ್ನೊಂದು ಮಷಿನ್ನು, ತಾವೂ ಸೇರಿ ಹನ್ನೊಂದು ಹೆಂಗಸರು. ಆ ಸಲ ಕಾಳಿ ನದಿಯಲ್ಲಿ ರಾಫ್ಟ್ ನಡೆಸುವವರು ನಾಲ್ಕೈದು ಮಂದಿ ಕೂಡಿ ಬಂದು ಇನ್ನೂರಾ ನಲವತ್ತು ಲೈಫ್ ಜಾಕೀಟು ಕೇಳಿದ್ದರು. ಅದಕ್ಕಾಗಿ ಶಾಂತಕ್ಕ ಸಮವಸ್ತ್ರದ ಕೆಲಸವನ್ನೆಲ್ಲ ಬಿಟ್ಟುಕೊಟ್ಟಿದ್ದರು. ಷರತ್ತು ಒಂದೇ: ಪ್ರತಿ ಜಾಕೀಟಿನ ಒಳಗಿನ ಫೋಮು ಎಲ್ಲಿಂದ ಬಂತು, ಯಾವ ಬ್ಯಾಚಿನದು, ಪರೀಕ್ಷೆ ಆಗಿದೆಯೇ ಎಂಬ ಕಾಗದ ಇರಬೇಕು. ಆಗಸ್ಟಿನಲ್ಲಿ ಒಬ್ಬರು ಪರೀಕ್ಷಕರು ಬಂದು ನೋಡುತ್ತಾರೆ. ಕಾಗದ ಇಲ್ಲದ ಜಾಕೀಟು ಒಂದನ್ನೂ ತೆಗೆದುಕೊಳ್ಳುವುದಿಲ್ಲ.

"ಕಾಗದ ಪತ್ರ ನನಗ ತಿಳಿಯಂಗಿಲ್ಲ ತಂಗಿ," ಎಂದರು ಶಾಂತಕ್ಕ ಮೊದಲ ದಿನವೇ. "ಅರಿವಿ ಕೊಡು, ಹೊಲೀತೇನಿ. ಕಾಗದ ನೀ ನೋಡ್ಕೊ. ಇದು ಕೈತಪ್ಪಿದ್ರ ದಸರಾತನ ನಾವು ಹನ್ನೆರಡೂ ಮಂದಿ ಮಳಿ ನೋಡ್ಕೋತ ಕೂಡಬೇಕಾಗತೈತಿ."

ಒಪ್ಪಿಕೊಂಡೆ. ಬರೆದಿಡುವುದು ನನಗೆ ಅಪ್ಪನಿಂದ ಬಂದ ರೂಢಿ. ಅಪ್ಪ ಮಿಲ್ಲಿನ ಗೇಟಿನಲ್ಲಿ ಲಾರಿಗಳ ತೂಕ ಬರೆಯುತ್ತಿದ್ದವರು. "ಬರೀದಿದ್ದದ್ದು ಆಗೇ ಇಲ್ಲ ಅಂತ ತಿಳಿ," ಎಂದು ನಾಲ್ಕನೇ ಇಯತ್ತೆಯಲ್ಲಿ ನನ್ನ ಕೈಗೆ ಡೈರಿ ಕೊಟ್ಟಿದ್ದರು.

ಫೋಮು ಹುಬ್ಬಳ್ಳಿಯ ಪಾಟೀಲರೆಂಬ ವ್ಯಾಪಾರಿಯಿಂದ ಬಂತು. ಜೂನ್ 3, 6, 11, 14. ನಾಲ್ಕು ಟೆಂಪೊ, ಒಂದೊಂದರಲ್ಲಿ ಮೂರು ಕಟ್ಟು, ಒಂದು ಕಟ್ಟಿಗೆ ಇಪ್ಪತ್ತು ಶೀಟು, ಒಂದು ಶೀಟಿಗೆ ಒಂದು ಜಾಕೀಟು. ಒಂದೊಂದು ಟೆಂಪೊದ ಮಾಲನ್ನು ಕೋಣೆಯ ಒಂದೊಂದು ಮೂಲೆಗೆ ನಿಲ್ಲಿಸಿದೆವು. ಬೂದು ಬಣ್ಣದ, ನುಣುಪಾದ ಶೀಟುಗಳು. ಮೂಗಿನ ಹತ್ತಿರ ತಂದರೆ ಹೊಸ ಚಪ್ಪಲಿಯ ವಾಸನೆ.

ಮಾಲು ಬಂತು, ಕಾಗದ ಬರಲಿಲ್ಲ. ಫೋನು ಮಾಡಿದೆ.

"ಪಾಟೀಲರ, ಫೋಮಿನ ಕಾಗದ ಬೇಕಾಗಿತ್ರಿ."

"ಬಿಲ್ ಕಳಿಸೇನಲ್ರೀ ಮೇಡಂ."

"ಬಿಲ್ ಅಲ್ರಿ. ಗುಣಮಟ್ಟದ್ದು."

"ಗುಣಮಟ್ಟ! ನಮ್ಮ ಅಜ್ಜಾರ ಕಾಲದಿಂದ ಅಂಗಡಿ ಐತ್ರಿ ನಮ್ದು. ಯಾರೂ ಇಲ್ಲೀತನ ಕೇಳಿಲ್ಲ."

"ನಾ ಕೇಳಾಕತ್ತೇನಲ್ರಿ."

"ನೀವು ಹೊಸಬ್ರು ಕಾಣಸ್ತೀರಿ," ಎಂದು ನಕ್ಕರು. ಸಂಜೆಯೊಳಗೆ ಕಳಿಸುತ್ತೇನೆ ಎಂದರು, ಕಳಿಸಿಯೂ ಬಿಟ್ಟರು. ತೆರೆದು ನೋಡಿದರೆ ಗಾದಿಯ ಜಾಹೀರಾತು, ಯಾರೋ ಒಬ್ಬಾಕೆ ಸುಖವಾಗಿ ನಿದ್ದೆ ಮಾಡುತ್ತಿದ್ದಳು. ಮತ್ತೆ ಫೋನು. ಎರಡನೆಯ ಸಲ ಅಂಗಡಿಯ ಗೋಡೆಗೆ ತೂಗು ಹಾಕಿದ್ದ ಚೌಕಟ್ಟಿನ ಫೋಟೊ ಬಂತು. ಅದು ಪ್ರಮಾಣಪತ್ರವೇನೋ ಹೌದು, ಆದರೆ ದೀಪಾವಳಿ ಪಾಡ್ಯದ ಪೂಜೆಯಲ್ಲಿ ಲಕ್ಷ್ಮಿಯ ಪಟದ ಜೊತೆ ಅದಕ್ಕೂ ಕುಂಕುಮ ಹಚ್ಚಿದ್ದರು. ಕುಂಕುಮ ಸರಿಯಾಗಿ ತಾರೀಖಿನ ಮೇಲೇ ಕೂತಿತ್ತು. ಮೂರನೆಯ ಸಲ ನಿಜವಾದ ಪರೀಕ್ಷಾ ವರದಿಯೇ ಬಂತು. ಬೇರೆ ಯಾರಿಗೋ, ಮೂರು ವರ್ಷದ ಹಿಂದೆ ಕಳಿಸಿದ ಮಾಲಿನದು.

ನಮ್ಮಲ್ಲಿ ರೇಣುಕಾ ಎಂಬಾಕೆ ಇದ್ದಳು, ಇದ್ದಾಳೆ. ಪಟ್ಟಿ ಮತ್ತು ಬಕಲ್ ಹೊಲಿಯುವವಳು. ಕೈಯಷ್ಟೇ ಚುರುಕು ನಾಲಗೆ. ಅವಳ ಗಂಡ ಮಾರುತಿ ರಾಫ್ಟಿನ ಗೈಡು. ಮಳೆಗಾಲದಲ್ಲಿ ರಾಫ್ಟು ನಿಲ್ಲುವುದರಿಂದ ದಿನಾ ಅವಳಿಗೆ ಬುತ್ತಿ ತಂದುಕೊಟ್ಟು ನಮ್ಮ ಬಾಗಿಲಲ್ಲಿ ಹರಟುತ್ತ ನಿಲ್ಲುತ್ತಿದ್ದ. ಕಾಗದಕ್ಕಾಗಿ ನಾನು ಒದ್ದಾಡುವುದನ್ನು ನೋಡಿ ಶಾಂತಕ್ಕ, "ಒಂದ್ ಶೀಟು ಡ್ರಮ್ಮಿನ್ಯಾಗ ಹಾಕಿ ನೋಡೂಣಲ್ಲ, ತೇಲಿದ್ರ ಆತು," ಎಂದರು. ಹಾಕಿದೆವು. ತೇಲಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮಾರುತಿ ತಟ್ಟಲಿಲ್ಲ. "ಅಕ್ಕಾರ, ಹೊಸಾದು ಎಲ್ಲಾನೂ ತೇಲತೈತ್ರಿ. ಕಟ್ಟಿಗಿ ತೇಲತೈತಿ, ಚಪ್ಪಲಿ ತೇಲತೈತಿ. ಒಂದ್ಸಲ ಹಳೇ ಜಾಕೀಟು ಹಾಕ್ಕೊಂಡಿದ್ದ ಒಬ್ರು ರಾಫ್ಟಿನಿಂದ ಬಿದ್ರು. ಜಾಕೀಟು ನೀರು ಕುಡದಿತ್ತು. ನಾ ಕಾಲರ್ ಹಿಡದು ಎತ್ತೇನಿ, ಕಲ್ಲ ಎತ್ತಿದಂಗ ಆತು. ಅವ್ರು ಉಳದ್ರು ಬಿಡ್ರಿ. ನಾ ಮಾತ್ರ ಅವತ್ತಿನಿಂದ ಜಾಕೀಟು ಮುಟ್ಟಿದ ಕೂಡಲೇ ಒಳಗೇನೈತಿ ಅಂತ ವಿಚಾರ ಮಾಡ್ತೇನಿ."

ಅಷ್ಟು ಹೇಳಿ ಬುತ್ತಿಯ ಚೀಲ ಇಟ್ಟು ಹೋದ. ಅವತ್ತು ನನ್ನ ಡೈರಿಯಲ್ಲಿ ಒಂದೇ ಸಾಲಿದೆ: 'ಕಾಗದ ಬರುವವರೆಗೆ ಫೋಮು ಕತ್ತರಿಸುವುದಿಲ್ಲ.'

ಹೊರಗಿನ ಬಟ್ಟೆ, ಪಟ್ಟಿ, ಬಕಲ್ಲು ಎಲ್ಲ ಹೊಲಿದು ಮುಗಿಯುತ್ತ ಬಂತು. ಫೋಮಿಲ್ಲದ ಕಿತ್ತಳೆ ಜಾಕೀಟುಗಳನ್ನು ಹಗ್ಗಕ್ಕೆ ಸಾಲಾಗಿ ತೂಗು ಹಾಕಿದೆವು. ಗಾಳಿಗೆ ಅಲ್ಲಾಡುತ್ತಿದ್ದವು. "ನೋಡ್ರಿ ಹೆಂಗ ಹೊಟ್ಟಿ ಬೆನ್ನಿಗೆ ಹತ್ತೇತಿ," ಎನ್ನುತ್ತಿದ್ದಳು ರೇಣುಕಾ, "ನಮ್ಮ ವಿದ್ಯಾ ಮೇಡಂ ಉಪಾಸ ಹಾಕ್ಯಾರ ಇವಕ್ಕ." ಶಾಂತಕ್ಕ ಹಗ್ಗದ ಕೆಳಗೆ ಹಾಯುವಾಗಲೆಲ್ಲ ಒಂದು ಜಾಕೀಟಿನ ಹೊಟ್ಟೆಯನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿ ಮುಂದೆ ಹೋಗುತ್ತಿದ್ದರು. ಅದು ರೇಣುಕಾಳ ಮಾತಿಗಿಂತ ಹೆಚ್ಚಾಗಿ ನಾಟುತ್ತಿತ್ತು.

ಆಗ ನನಗೆ ಹೊಳೆದದ್ದು: ನಾನು ಕೇಳುತ್ತಿರುವ ರೀತಿಯೇ ತಪ್ಪು. 'ಗುಣಮಟ್ಟದ ಕಾಗದ ಕಳಿಸಿ' ಎಂದರೆ ಯಾರಾದರೂ ಮನೆಯಲ್ಲಿರುವ ಒಳ್ಳೆಯ ಕಾಗದವನ್ನೇ ಕಳಿಸುತ್ತಾರೆ. ಕೂತು ಪತ್ರ ಬರೆದೆ. ಇಂಥ ನಾಲ್ಕು ದಿನ ನೀವು ಕಳಿಸಿದ ಹನ್ನೆರಡು ಕಟ್ಟುಗಳು ಯಾವ ಯಾವ ಬ್ಯಾಚಿನವು? ಆ ಬ್ಯಾಚುಗಳು ಯಾವಾಗ ತಯಾರಾದವು? ಪರೀಕ್ಷೆ ಮಾಡಿದವರು ಯಾರು? ನೀರಿನಲ್ಲಿ ಒಂದು ದಿನ ಮುಳುಗಿಸಿಟ್ಟ ಮೇಲೆ ತೇಲುವ ಶಕ್ತಿ ಎಷ್ಟು ಉಳಿಯಿತು? ಇಷ್ಟಕ್ಕೆ ಉತ್ತರ ಇರುವ ಕಾಗದ, ತಯಾರಿಸಿದ ಕಂಪನಿಯ ಸಹಿಯೊಂದಿಗೆ. ನಿಮ್ಮಲ್ಲಿ ಇಲ್ಲದಿದ್ದರೆ ತಪ್ಪೇನಿಲ್ಲ, ಕಂಪನಿಯವರಿಗೆ ಇದೇ ಪತ್ರ ಕಳಿಸಿ.

ಪಾಟೀಲರು ಫೋನು ಮಾಡಿದರು. "ಮೇಡಂ, ಇದು ಪತ್ರ ಅಲ್ರಿ, ಪರೀಕ್ಷಾ ಪೇಪರು."

"ಪಾಸಾಗ್ರಿ ಮತ್ತ."

ಅವರು ಪಾಸಾಗಲು ಇಪ್ಪತ್ತೊಂದು ದಿನ ಹಿಡಿಯಿತು. ನಡುವೆ ನನ್ನ ಫೋನು ಹದಿನಾಲ್ಕು, ಅವರದು ಎರಡು. ಜುಲೈ 9ರಂದು ನಾಲ್ಕು ವರದಿ ಬಂದವು. ಸಹಿ, ಮೊಹರು, ತಾರೀಖು ಎಲ್ಲ ಇದ್ದವು, ಕುಂಕುಮ ಮಾತ್ರ ಇರಲಿಲ್ಲ. ನಾಲ್ಕು ಟೆಂಪೊಗೆ ನಾಲ್ಕು ಬ್ಯಾಚು: 4107, 4112, 4119, 4123. ಶಾಂತಕ್ಕ ಅವತ್ತು ಎಲ್ಲರಿಗೂ ಚುರಮುರಿಯ ಗಿರ್ಮಿಟ್ ಮಾಡಿಸಿದರು. ನಾನು ಗಿರ್ಮಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದೇ ಫೋಮಿನ ಕೋಣೆಗೆ ಹೋದೆ. ವರದಿಯ ನಂಬರನ್ನು ಮಾಲಿನ ನಂಬರಿನೊಂದಿಗೆ ತಾಳೆ ನೋಡಿದರೆ ಕೆಲಸ ಮುಗಿದಂತೆ.

ಮಾಲಿನ ಮೇಲೆ ನಂಬರೇ ಇರಲಿಲ್ಲ. ಬೂದು ಶೀಟುಗಳು ಬರಿಮೈಯಲ್ಲಿ ನಾಲ್ಕು ಮೂಲೆಗೆ ನಿಂತಿದ್ದವು.

"ಕಟ್ಟಿನ ಮ್ಯಾಲಿನ ಹಾಳಿ ಎಲ್ಲಿ ಹೋದ್ವು?" ಎಂದು ಕೇಳಿದೆ.

ಹನ್ನೊಂದು ಜನ ಹೆಂಗಸರು ಗಿರ್ಮಿಟ್ ಅಗಿಯುವುದನ್ನು ನಿಲ್ಲಿಸಿದರು.

ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೂನ್ ಬಂತೆಂದರೆ ಈ ಕಡೆ ದಪ್ಪ ಪ್ಲಾಸ್ಟಿಕ್ ಹಾಳೆಗಿಂತ ದೊಡ್ಡ ಐಶ್ವರ್ಯ ಇಲ್ಲ. ಕಟ್ಟಿಗೆ ಮುಚ್ಚಬೇಕು, ಗೋಡೆಗೆ ಕಟ್ಟಬೇಕು, ದನದ ಕೊಟ್ಟಿಗೆಗೆ ಹೊದಿಸಬೇಕು. ಫೋಮಿನ ಕಟ್ಟುಗಳಿಗೆ ಸುತ್ತಿಕೊಂಡು ಬಂದದ್ದು ಬಿಳಿ, ದಪ್ಪ, ಎರಡಾಳುದ್ದದ ಹಾಳೆ. ಬ್ಯಾಚ್ ನಂಬರು ಅಚ್ಚಾಗಿದ್ದು ಅದರ ಮೇಲೆ, ಒಂದೇ ಕಡೆ, ಬೆರಳುದ್ದದ ಅಕ್ಷರಗಳಲ್ಲಿ. ಟೆಂಪೊ ಬಂದ ಹಾಗೆ ಕಟ್ಟು ಬಿಚ್ಚಿ ಹಾಳೆಗಳನ್ನು ಹಂಚಿಬಿಟ್ಟಿದ್ದರು.

"ಅಷ್ಟು ಛಲೋ ಹಾಳಿ ಒಗೀತಾರೇನ ಬೇ?" ಎಂದರು ಶಾಂತಕ್ಕ, ದನಿ ಮೊದಲ ಬಾರಿ ಸಣ್ಣದಾಗಿ. "ನಾನ ಹಂಚೇನಿ. ನೀನೂ ಒಂದು ಒಯ್ದಿಯಲ್ಲ?"

ಒಯ್ದಿದ್ದೆ. ಹನ್ನೆರಡು ಜನ, ಹನ್ನೆರಡು ಹಾಳೆ. ಕಾಗದಕ್ಕಾಗಿ ಒಂದು ತಿಂಗಳು ಹುಬ್ಬಳ್ಳಿಯ ತಲೆ ತಿಂದ ನಾನು, ಮಾಲಿನ ಗುರುತನ್ನು ಮಡಚಿ ಚೀಲದಲ್ಲಿಟ್ಟು ಅವ್ವನಿಗೆ ಕೊಟ್ಟಿದ್ದೆ. ಎಷ್ಟು ನಾಚಿಕೆಯಾಯಿತೆಂದರೆ ಡೈರಿ ತೆರೆಯಲೂ ಮನಸ್ಸಾಗಲಿಲ್ಲ. ಆದರೆ ತೆರೆದಾಗ ಅದರಲ್ಲೇ ಇತ್ತು! 'ಜೂನ್ 3: ಹಾಳೆ 3. ಶಾಂತಕ್ಕ, ರೇಣುಕಾ, ನಾನು. ಜೂನ್ 6: ಹಾಳೆ 3...' ಯಾವ ಟೆಂಪೊದ ಹಾಳೆ ಯಾರ ಮನೆಗೆ ಹೋಯಿತು ಎಂಬುದು ಹನ್ನೆರಡಕ್ಕೆ ಹನ್ನೆರಡೂ ಬರೆದಿತ್ತು. ಯಾಕೆ ಬರೆದೆ ಎಂದು ಕೇಳಬೇಡಿ. ಕೈ ಬರೆಯುತ್ತದೆ, ಅಷ್ಟೆ.

"ಹಾಳಿ ಹಂಚಿದ್ದನ್ನೂ ಬರದೀಯಾ!" ರೇಣುಕಾ ಹಣೆ ಬಡಿದುಕೊಂಡಳು. "ನಾ ಎಷ್ಟ್ ಸಲ ಆಕಳಿಸೇನಿ ಅದೂ ಐತೇನು?"

"ಇಲ್ಲ. ತಡಾಗಿ ಬಂದದ್ದು ಐತಿ."

ಹೀಗೆ ಆ ಮಳೆಗಾಲದ ಅತ್ಯಂತ ಖುಷಿಯ ಒಂಬತ್ತು ದಿನ ಶುರುವಾದವು. ನಾನು ಕೊಡೆ, ಡೈರಿ, ಫೋನು ಹಿಡಿದು ಹಾಳೆಗಳನ್ನು ಹುಡುಕಿಕೊಂಡು ಹೊರಟೆ. ದಾಂಡೇಲಿಯಲ್ಲೇ ಎಂಟು. ಶಾಂತಕ್ಕನದು ನೀರಿನ ಟಾಕಿಯ ಮೇಲೆ, ರೇಣುಕಾಳದು ಮಾರುತಿಯ ಬೈಕಿನ ಮೇಲೆ. ಇನ್ನು ನಾಲ್ಕು ಕಟ್ಟಿಗೆಯ ಮೇಲೆ, ಒಂದು ಬಚ್ಚಲಿನ ಮಾಡಿಗೆ. ನಮ್ಮ ಮನೆಯದು ಎಲ್ಲಕ್ಕಿಂತ ಕಷ್ಟವಾಯಿತು. ಅವ್ವ ಅದನ್ನು ಕಬ್ಬಿಣದ ಟ್ರಂಕಿನ ತಳಕ್ಕೆ ಹಾಸಿ ಮೇಲೆ ರಗ್ಗು, ಚಾದರ, ತನ್ನ ಲಗ್ನದ ಸೀರೆ ಎಲ್ಲ ಜೋಡಿಸಿದ್ದಳು. ಎಲ್ಲ ತೆಗೆಸಿ ಫೋಟೊ ಹೊಡೆದುಕೊಂಡೆ. "ನೌಕರಿ ಅಂದ್ರ ಇದೇನವಾ?" ಎಂದಳು ಅವ್ವ. ಅಪ್ಪ ಮಾತ್ರ ಕನ್ನಡಕ ಹಾಕಿಕೊಂಡು ಬಗ್ಗಿ ನಂಬರು ಓದಿ, "ಬರೋಬ್ಬರಿ ಐತಿ, ಬರ್ಕೊ," ಎಂದರು.

ಉಳಿದವನ್ನು ಒಯ್ದವರು ತಮ್ಮ ತಮ್ಮ ಊರಿಗೆ ಕಳಿಸಿದ್ದರು. ಹಳಿಯಾಳದ ಹತ್ತಿರದ ಒಂದು ಹಳ್ಳಿಯಲ್ಲಿ ಎಮ್ಮೆಯ ಕೊಟ್ಟಿಗೆಗೆ ಕಟ್ಟಿದ್ದರು. ನಂಬರಿನ ಮೇಲೆ ಸಗಣಿ. ಮನೆಯವರು ಒಂದು ಕೊಡ ನೀರು ತಂದು ತೊಳೆದರು, ಎಮ್ಮೆ ನನ್ನ ಕೊಡೆಯ ತುದಿ ಅಗಿಯಿತು. ಮುಂಡಗೋಡದ ಇಂದೂರಿನಲ್ಲಿ ಎರಡು ಇರಬೇಕಾಗಿತ್ತು, ಒಂದೇ ಸಿಕ್ಕಿತು. ಇನ್ನೊಂದನ್ನು ಆ ಮನೆಯವರು ಟಿಬೆಟನ್ ಕಾಲೊನಿಯ ಗೆಳತಿಗೆ ಕೊಟ್ಟಿದ್ದರು. ಅಲ್ಲಿಗೆ ಹೋದೆ. ಮೋಮೋ ಮಾರುವ ಸಣ್ಣ ಅಂಗಡಿಯ ಒಲೆಯ ಮೇಲೆ ಚಪ್ಪರವಾಗಿ ನಿಂತಿತ್ತು ನಮ್ಮ ಹಾಳೆ. ನಂಬರು ಮೇಲ್ಮುಖವಾಗಿತ್ತು. ಅಂಗಡಿಯಾಕೆ ಸ್ವಚ್ಛ ಕನ್ನಡದಲ್ಲಿ, "ಮಳಿ ನಿಂತ ಮ್ಯಾಲ ತಗೀತೇನಿ, ಅಲ್ಲೀತನ ತಿನ್ರಿ," ಎಂದಳು. ಮಳೆ ನಿಲ್ಲಲಿಲ್ಲ. ಹತ್ತು ಮೋಮೋ ತಿಂದ ಮೇಲೆ ಸ್ಟೂಲು ಹಾಕಿ ನಾನೇ ಹತ್ತಿದೆ. ನಂಬರು ಸಿಕ್ಕಿತು, ತೋಳಿನೊಳಗೆ ಮಳೆನೀರು ಇಳಿದು ಸೊಂಟದಲ್ಲಿ ಹೊರಬಂತು.

ಹನ್ನೊಂದಾದವು. ಹನ್ನೊಂದೂ ಸರಿಯಾಗಿ ತಾಳೆಯಾದವು. ಮೊದಲ ಮೂಲೆ 4107, ಎರಡನೆಯದು 4112, ಹಾಗೆ. ಉಳಿದದ್ದು ಮೂರನೆಯ ಮೂಲೆಯ ಒಂದು ಹಾಳೆ. ಅದನ್ನು ಒಯ್ದವಳು ಸಾವಿತ್ರಿ, ಜೋಯಿಡಾದ ಕುಂಬಾರವಾಡದವಳು, ಹನ್ನೊಂದು ಜನರಲ್ಲಿ ಎಲ್ಲರಿಗಿಂತ ಮಾತು ಕಡಿಮೆ. ಹಾಳೆಯನ್ನು ಕಂಡಕ್ಟರನ ಕೈಯಲ್ಲಿ ತವರಿಗೆ ಕಳಿಸಿಬಿಟ್ಟಿದ್ದಳು.

"ಹನ್ನೊಂದು ಸಿಕ್ಕಾವು, ಇನ್ನ ಸಾಕು ತಂಗಿ," ಎಂದರು ಶಾಂತಕ್ಕ. "ಅದರ ಜೋಡಿಯ ಎರಡೂ 4119 ಅದಾವು. ಅದೂ ಅದ ಇರತೈತಿ. ಕುಂಬಾರವಾಡಕ್ಕ ಬಸ್ ಹೋದ್ರ ಬರೂದು ಸಂಜೀಕ. ಒಂದ್ ದಿನಾ ಹಾಳ. ಪರೀಕ್ಷಾ ಮಾಡಾವ್ರು ಬರಾಕ ಮೂರ ವಾರ ಉಳದಾವು."

ಅವರ ಮಾತು ಸುಳ್ಳಲ್ಲ. ಕತ್ತರಿ ಹಿಡಿದು ಎಲ್ಲರೂ ಕಾಯುತ್ತಿದ್ದರು. ಆದರೆ ಹನ್ನೆರಡರ ಕೋಷ್ಟಕದಲ್ಲಿ ಒಂದು ಖಾಲಿ ಮನೆ ಬಿಟ್ಟು ಪುಟ ಮಡಚುವುದು ನನ್ನಿಂದ ಆಗುವ ಕೆಲಸವಲ್ಲ. "ಒಂದ ದಿನ ಕೊಡ್ರಿ ಅಕ್ಕಾ," ಎಂದೆ.

"ನಿನ್ನ ಹಟಕ್ಕ ಒಂದು ಟೆಸ್ಟ್ ಸರ್ಟಿಫಿಕೇಟ್ ಮಾಡಸಬೇಕು," ಎಂದರು. ಅದು ಒಪ್ಪಿಗೆ ಎಂದೇ ತಿಳಿದುಕೊಂಡೆ.

ಜುಲೈ 18. ಸಾವಿತ್ರಿಯೂ ಜೊತೆಗೆ ಬಂದಳು. ಬಸ್ಸು ಕಾಡಿನ ತಿರುವುಗಳಲ್ಲಿ ಅಡಿಕೆಯಂತೆ ನಮ್ಮನ್ನು ಉರುಳಾಡಿಸಿ ಇಳಿಸಿದಾಗ ಹನ್ನೊಂದು ಗಂಟೆ. ಮನೆಯಲ್ಲಿ ಯಾರೂ ಇಲ್ಲ, ಗದ್ದೆಗೆ ನಾಟಿಗೆ ಹೋಗಿದ್ದರು. ಗದ್ದೆಗೆ ನಡೆದೆವು. ಸಾವಿತ್ರಿಯ ಅವ್ವನನ್ನು ಅಲ್ಲಿ ಎಲ್ಲರೂ ಆಯಿ ಎನ್ನುತ್ತಾರೆ, ಅವರ ಬಾಯಲ್ಲಿ ಹೆಣ್ಣುಮಕ್ಕಳೆಲ್ಲ 'ಬಾಯ್'. ಅರವತ್ತು ದಾಟಿದ, ಕಡ್ಡಿಯಂಥ ಹೆಂಗಸು, ಸಾಲಿನ ತುದಿಯಲ್ಲಿ ಬಗ್ಗಿದ್ದರು. ಪಕ್ಕದಲ್ಲಿ ಅವರ ಸೊಸೆ. ಇಬ್ಬರ ಬೆನ್ನ ಮೇಲೂ ಬಿಳಿ ಕೊಪ್ಪೆ.

ಎರಡು ಕೊಪ್ಪೆ ಯಾಕೆಂದು ಆಗಲೇ ಹೊಳೆಯಿತು. ಹಾಳೆಯನ್ನು ನಟ್ಟನಡುವೆ ಕತ್ತರಿಸಿದ್ದರು. ಕತ್ತರಿ ಸರಿಯಾಗಿ ನಂಬರಿನ ಮಧ್ಯದಲ್ಲೇ ಹಾದಿತ್ತು. ಅರ್ಧ ನಂಬರು ಅತ್ತೆಯ ಬೆನ್ನಿಗೆ, ಅರ್ಧ ಸೊಸೆಯ ಬೆನ್ನಿಗೆ.

"ಆಯಿ, ಸ್ವಲ್ಪ ಇಬ್ರೂ ಕೂಡಿ ನಿಲ್ರಿ," ಎಂದೆ ಬದುವಿನ ಮೇಲಿಂದ.

"ಫೋಟೊ ಏನ ಬಾಯ್?" ಆಯಿ ಸೊಂಟ ನೆಟ್ಟಗೆ ಮಾಡಿ, ಕೆಸರುಗೈಯಲ್ಲೇ ಕೂದಲು ಸರಿಮಾಡಿಕೊಂಡು ನನ್ನ ಕಡೆ ಮುಖ ಮಾಡಿ ನಿಂತರು. ಸೊಸೆಯೂ ನಾಚಿಕೊಂಡು ಪಕ್ಕಕ್ಕೆ ಬಂದಳು.

"ಮುಖ ಅಲ್ರಿ. ಬೆನ್ನು ಬೇಕು."

"ಬೆನ್ನ?"

ಸಾವಿತ್ರಿ ಕೊಂಕಣಿಯಲ್ಲಿ ಏನೋ ಬಿಡಿಸಿ ಹೇಳಿದಳು. ಗದ್ದೆಯಲ್ಲಿದ್ದವರೆಲ್ಲ ಸಸಿ ಬಿಟ್ಟು ನಗಲು ಶುರುಮಾಡಿದರು. ಆಯಿ ತಿರುಗಿ ನಿಂತರು. "ಹೆಣ್ಣು ನೋಡೋಕ ಬಂದವ್ರು ಮುಖ ನೋಡ್ತಾರ. ಈ ಬಾಯ್ ಬೆನ್ನು ನೋಡ್ತದ," ಎಂದರು ಗದ್ದೆಗೆಲ್ಲ ಕೇಳುವಂತೆ.

ಅತ್ತೆಯ ಬೆನ್ನ ಮೇಲೆ 41. ಸೊಸೆಯ ಬೆನ್ನ ಮೇಲೆ 91.

ನಾನು ಕಣ್ಣು ಒರೆಸಿಕೊಂಡೆ. 4191. ವರದಿಯಲ್ಲಿ ಅಂಥ ಬ್ಯಾಚೇ ಇಲ್ಲ. "ಆಯಿ, ಜಾಗಾ ಬದಲು ಮಾಡ್ರಿ." ಬದಲು ಮಾಡಿದರು. 9141. ಅದೂ ಇಲ್ಲ. ಮತ್ತೆ ಮೊದಲಿನಂತೆ ನಿಲ್ಲಿಸಿದೆ. ಕತ್ತರಿಸಿದ ಅಂಚುಗಳು ಆಗ ಸರಿಯಾಗಿ ಕೂಡಿದವು. 4191ರ ಪಕ್ಕ ಸಣ್ಣ ಅಕ್ಷರದಲ್ಲಿ ಇನ್ನೇನೋ ಇತ್ತು. ಗದ್ದೆಗೆ ಇಳಿದು, ಮೊಣಕಾಲವರೆಗೆ ಕೆಸರಲ್ಲಿ ಹೂತು ಓದಿದೆ. ಪ್ಯಾಕಿಂಗಿಗೆ ಮಾತ್ರ ಎಂದಿತ್ತು.

ಟಿ.ವಿ. ಡಬ್ಬಿಯ ಒಳಗೆ ಇಡುವ ಫೋಮು. ಇಪ್ಪತ್ತು ಶೀಟು. ಇಪ್ಪತ್ತು ಜಾಕೀಟು. ಇಪ್ಪತ್ತು ಮಂದಿ.

"ಇದು ಜಾಕೀಟಿನ ಫೋಮ ಅಲ್ಲ," ಎಂದೆ ಸಾವಿತ್ರಿಗೆ. ಆಯಿಗೆ ಏನೋ ತಪ್ಪಾಗಿದೆ ಎಂದು ತಿಳಿಯಿತು. ಬೆನ್ನು ತಿರುಗಿಸಿಕೊಂಡೇ ಕೇಳಿದರು, "ಹಾಳಿ ವಾಪಸ್ ಬೇಕಾ ಬಾಯ್?"

"ಬ್ಯಾಡ ಆಯಿ. ಈ ಹಾಳಿ ಎಷ್ಟು ಮಂದೀನ್ನ ಉಳಿಸೇತಿ ಗೊತ್ತೇನು?" ಎಂದೆ. ಅವರಿಗೆ ಅದು ಗೊತ್ತಾಗಲಿಲ್ಲ. ಆದರೂ ಖುಷಿಯಾದರು. ಅಂಬಲಿ ಕುಡಿಸಿ, ಹಲಸಿನ ಬೀಜ ಕಟ್ಟಿಕೊಟ್ಟು ಸಂಜೆಯ ಬಸ್ಸಿಗೆ ಹತ್ತಿಸಿದರು.

ಮರುದಿನ ಮೂರನೆಯ ಮೂಲೆಯ ಅರವತ್ತು ಶೀಟುಗಳ ಅಂಚಿನಿಂದ ಬೆಂಕಿಪೊಟ್ಟಣದಷ್ಟು ತುಂಡು ಕತ್ತರಿಸಿ, ಪ್ರತಿಯೊಂದಕ್ಕೂ ನಂಬರು ಬರೆದು, ಸೊಳ್ಳೆಪರದೆಯ ಬಟ್ಟೆಯಲ್ಲಿ ಕಟ್ಟಿ, ಮೇಲೆ ಒರಳುಕಲ್ಲು ಹೇರಿ ಡ್ರಮ್ಮಿನಲ್ಲಿ ಮುಳುಗಿಸಿದೆವು. ಇಪ್ಪತ್ತನಾಲ್ಕು ತಾಸು ಆದ ಮೇಲೆ ಎಲ್ಲರೂ ಸುತ್ತ ನಿಂತೆವು. ರೇಣುಕಾ ಒಂದೊಂದೇ ತುಂಡು ತೆಗೆದು ಹಿಂಡತೊಡಗಿದಳು. ಒಂದು, ಒಣಗಿತ್ತು. ಎರಡು, ಒಣಗಿತ್ತು. ಏಳನೆಯದನ್ನು ಹಿಂಡಿದಾಗ ಪಿಚಕ್ಕನೆ ನೀರು ಹಾರಿ ಶಾಂತಕ್ಕನ ಕನ್ನಡಕಕ್ಕೆ ಬಡಿಯಿತು.

"ಸಿಕ್ಕ ಕಳ್ಳ!" ಎಂದು ಕೂಗಿದಳು ರೇಣುಕಾ.

ಅಲ್ಲಿಂದ ಮುಂದೆ ಅದು ಪರೀಕ್ಷೆಯಾಗಿ ಉಳಿಯಲಿಲ್ಲ, ಹೋಳಿಯಾಯಿತು. ನೀರು ಕುಡಿದ ತುಂಡು ಸಿಕ್ಕಿದಾಗಲೆಲ್ಲ ರೇಣುಕಾ ಯಾರಾದರೊಬ್ಬರ ಮುಖಕ್ಕೆ ಗುರಿಯಿಟ್ಟಳು. ನಾನು ನೆನೆದ ಡೈರಿಯಲ್ಲಿ ಗೆರೆ ಎಳೆಯುತ್ತ ಹೋದೆ. ಅರವತ್ತರಲ್ಲಿ ನೀರು ಕುಡಿದವು ಎಷ್ಟು ಎಂದು ಕೂಡಿಸಿದೆ. ಇಪ್ಪತ್ತು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಅವನ್ನು ಬೇರೆ ತೆಗೆದಿಟ್ಟೆವು. ಶಾಂತಕ್ಕ ಕನ್ನಡಕ ಒರೆಸಿಕೊಂಡು ಬಾಗಿಲಲ್ಲಿ ನಿಂತಿದ್ದ ಮಾರುತಿಯ ಕಡೆ ನೋಡಿದರು, ಆಮೇಲೆ ನನ್ನ ಕಡೆ. "ಹನ್ನೊಂದು ಸಾಕು ಅಂದಿದ್ದೆ ನಾ," ಎಂದರು. ಅಷ್ಟೇ ಅಂದದ್ದು. ಅವತ್ತಿನಿಂದ ಹಗ್ಗದ ಕೆಳಗೆ ಹಾಯುವಾಗ ಜಾಕೀಟು ಹಿಸುಕುವುದನ್ನು ನಿಲ್ಲಿಸಿದರು.

ಪಾಟೀಲರಿಗೆ ಫೋಟೊ ಕಳಿಸಿ ಫೋನು ಮಾಡಿದೆ. ಮೂರನೆಯ ದಿನ ಸುರಿಯುವ ಮಳೆಯಲ್ಲಿ ಅವರೇ ಟೆಂಪೊದಲ್ಲಿ ಬಂದಿಳಿದರು. ಫೋನಿನ ದನಿಗೆ ತಕ್ಕಂತೆ ಎತ್ತರದ ಆಳು ಎಂದುಕೊಂಡಿದ್ದೆ, ನನ್ನ ಭುಜಕ್ಕೆ ಬರುವ ಮನುಷ್ಯ! ಹೊಸ ಇಪ್ಪತ್ತು ಶೀಟು ತಂದಿದ್ದರು, ಹಾಳೆಯ ಸಮೇತ, ವರದಿಯ ಸಮೇತ.

"ಗೋದಾಮಿನ್ಯಾಗ ಎರಡೂ ಒಂದ ಬಣ್ಣದ್ವು ಇದ್ದ್ವು ಮೇಡಂ. ಹಮಾಲರು ಹೇರಿದ್ರು, ನಾ ನೋಡ್ಲಿಲ್ಲ. ತಪ್ಪು ನಂದ," ಎಂದರು ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು. "ಕಾಗದಾ ಕೇಳಿದಾಗ ಸಿಟ್ಟು ಬಂದಿತ್ತು ನನಗ. ನನ್ನ ಮ್ಯಾಲ ವಿಶ್ವಾಸ ಇಲ್ಲೇನ ಈ ಹುಡುಗೀಗೆ ಅಂತ."

"ನಿಮ್ಮ ಮ್ಯಾಲ ಐತ್ರಿ. ಫೋಮಿನ ಮ್ಯಾಲ ಇದ್ದಿಲ್ಲ," ಎಂದೆ.

ಅವರು ನಕ್ಕ ನಗುವಿಗೆ ಚಹಾ ತುಳುಕಿತು. ತೆಗೆದಿಟ್ಟ ಇಪ್ಪತ್ತು ಶೀಟು ವಾಪಸು ಒಯ್ಯಿರಿ ಎಂದರೆ ಬೇಡವೆಂದರು. ಶಾಂತಕ್ಕ ಅವನ್ನು ಕತ್ತರಿಸಿ, ಉಳಿದ ಬಟ್ಟೆ ಹೊದಿಸಿ ಹಿಂದಿನ ಓಣಿಯ ಅಂಗನವಾಡಿಗೆ ಕೂಡುವ ಮೆತ್ತೆ ಮಾಡಿಸಿದರು. ನಲವತ್ತೆಂಟಾದವು.

ಪರೀಕ್ಷಕರು ಆಗಸ್ಟ್ 12ಕ್ಕೆ ಬಂದರು. ಬಿಗಿದ ಮುಖದ, ಮಿತಭಾಷಿ ಮನುಷ್ಯ. ರಾಶಿಯಿಂದ ಒಂದು ಜಾಕೀಟು ಎಳೆದರು. 173ನೆಯದು. "ಇದರ ಫೋಮು?" ನಾನು ಫೈಲು ತೆರೆದೆ: ಮೂರನೆಯ ಮೂಲೆ, 4119, ವರದಿ ಇಲ್ಲಿದೆ, ಹಾಳೆಯ ಫೋಟೊ ಇಲ್ಲಿದೆ. ಇನ್ನೂ ಐದು ಎಳೆದರು, ಐದಕ್ಕೂ ತೋರಿಸಿದೆ. ಆಮೇಲೆ ಫೈಲನ್ನೇ ತೆಗೆದುಕೊಂಡು ಒಂದೊಂದೇ ಪುಟ ತಿರುವತೊಡಗಿದರು. ಟಾಕಿ, ಬೈಕು, ಟ್ರಂಕಿನ ತಳ, ಎಮ್ಮೆಯ ಮೂತಿ, ಮೋಮೋ ಅಂಗಡಿ. ಹನ್ನೆರಡನೆಯ ಫೋಟೊಗೆ ಬಂದು ನಿಂತರು. ಕೆಸರುಗದ್ದೆಯಲ್ಲಿ ಇಬ್ಬರು ಹೆಂಗಸರ ಬೆನ್ನು. 41. 91.

"ಇದೇನಿದು?"

ಹೇಳಿದೆ. ಉಸಿರು ಬಿಡದೆ ಎಲ್ಲ ಹೇಳಿದೆ. ಹನ್ನೊಂದು ಮಷಿನ್ನೂ ನಿಂತಿದ್ದವು. ಅವರು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ಆ ಪುಟದ ಕೆಳಗೇ ಸಹಿ ಮಾಡಿದರು. "ನೂರಾರು ಫೈಲು ನೋಡೇನಿ," ಎಂದರು. "ನಾಟಿ ಮಾಡೋ ಫೈಲು ಇದ ಮೊದಲು." ಆಗ ಗೊತ್ತಾಯಿತು, ಅವರೂ ನಮ್ಮ ಕಡೆಯವರೇ ಎಂದು.

ಅಕ್ಟೋಬರಿನಲ್ಲಿ ನೀರು ಇಳಿದ ಮೇಲೆ ಮಾರುತಿ ನಮ್ಮೆಲ್ಲರನ್ನೂ ನದಿಯ ಶಾಂತವಾದ ಒಂದು ಮಡುವಿಗೆ ಕರೆದೊಯ್ದ. ಮೂವತ್ತು ವರ್ಷ ಕಾಳಿಯ ದಂಡೆಯಲ್ಲಿ ಬದುಕಿದ ಶಾಂತಕ್ಕ ಪಾದ ತೊಳೆಯುವುದರಾಚೆ ನೀರಿಗೆ ಇಳಿದವರಲ್ಲ. ಅವತ್ತು ಸೀರೆಯ ಮೇಲೆ ಒಂದನೇ ನಂಬರಿನ ಜಾಕೀಟು ಬಿಗಿಸಿಕೊಂಡು, ಮಾರುತಿಯ ಕೈ ಹಿಡಿದು, ಎದೆಮಟ್ಟಕ್ಕೆ ಇಳಿದರು. "ಕೈ ಬಿಡ್ಲೇನ್ರಿ ಅಕ್ಕಾರ?" ಎಂದ. "ಬಿಟ್ಟಿ ಅಂದ್ರ ನೋಡು!" ಎಂದರು. ಬಿಟ್ಟ. ಸೀರೆ ಹೂವಿನಂತೆ ಅರಳಿತು, ಶಾಂತಕ್ಕ ಮೇಲೆ ತೇಲಿದರು. ಒಂದು ಕ್ಷಣ ಕಣ್ಣು ಮುಚ್ಚಿಕೊಂಡಿದ್ದವರು ತೆರೆದು ಆಕಾಶ ನೋಡಿದರು. ಆಮೇಲೆ ಇಡೀ ದಾಂಡೇಲಿಗೆ ಕೇಳುವಂತೆ ಕೂಗಿದರು: "ಏ ವಿದ್ಯಾ! ಎಷ್ಟು ಮಿನಿಟ್ ಆತು? ಬರ್ಕೊಂಡೇನಿಲ್ಲ?"

ಬರೆದುಕೊಂಡಿರಲಿಲ್ಲ. ಗಡಿಯಾರ ನೋಡುವುದೇ ಮರೆತಿತ್ತು. ಆ ದಿನದ ಪುಟದಲ್ಲಿ 'ತೇಲಿದ ಸಮಯ' ಎಂದು ಬರೆದು ಮುಂದೆ ಜಾಗ ಬಿಟ್ಟಿದ್ದೇನೆ. ಇವತ್ತಿಗೂ ತುಂಬಿಲ್ಲ.

ಮರುವರ್ಷದಿಂದ ಟೆಂಪೊ ಬಂದ ಕೂಡಲೇ ಕತ್ತರಿ ಹಿಡಿದು ನಾನು ಮೊದಲು ನಿಲ್ಲುತ್ತೇನೆ. ನಂಬರಿದ್ದ ಚೌಕವನ್ನು ಕತ್ತರಿಸಿ ಫೈಲಿಗೆ ಅಂಟಿಸಿದ ಮೇಲೆಯೇ ಹಾಳೆ ಹಂಚಿಕೆ. ಹೀಗಾಗಿ ಈಗ ನಮ್ಮ ಹಾಳೆ ಹೋದಲ್ಲೆಲ್ಲ ಒಂದೊಂದು ತೂತು. "ನಿನ್ನ ಕಾಗದದ ಸಲುವಾಗಿ ನಮ್ಮ ಕಟ್ಟಿಗಿ ತೊಯ್ತಾವು," ಎಂದು ರೇಣುಕಾ ಬೈಯುತ್ತಾಳೆ. ಸಾವಿತ್ರಿ ಬೈಯುವುದಿಲ್ಲ. ಜಾಕೀಟಿನ ಉಳಿಕೆ ಬಟ್ಟೆಯಿಂದ ಚೌಕ ಕತ್ತರಿಸಿ, ಒಳಗೆ ನೀರು ಬರದಂತೆ ಹೊಲಿದು ತವರಿಗೆ ಕಳಿಸುತ್ತಾಳೆ.

ಹೋದ ಭಾನುವಾರ ಆ ಕಿತ್ತಳೆ ತೇಪೆಯ ಕೊಪ್ಪೆ ಬದುವಿನ ಕಡೆ ತಿರುಗಿತು. ಆಯಿ. ನನ್ನನ್ನು ಗುರುತು ಹಿಡಿದದ್ದೇ ತಿರುಗಿ ಬೆನ್ನು ತೋರಿಸಿ ನಿಂತರು, ಸೊಸೆಯನ್ನೂ ಎಳೆದು ನಿಲ್ಲಿಸಿಕೊಂಡರು. ಗದ್ದೆಯೆಲ್ಲ ನಕ್ಕಿತು. ಈ ಸಲ ಮುಖದ ಫೋಟೊ ತೆಗೆಯಲು ಬಂದಿದ್ದೇನೆ ಎಂದೆ. ತೆಗೆದೆ ಕೂಡ, ಮೂರು. ಆಮೇಲೆ ಆಯಿ ನನ್ನ ಕೈಯಿಂದ ಡೈರಿ ತೆಗೆದು, ನನ್ನ ಜೊತೆ ಬಂದಿದ್ದ ಸಾವಿತ್ರಿಯ ಕೈಗೆ ಕೊಟ್ಟು, ಒಂದು ಹಿಡಿ ಸಸಿ ನನ್ನ ಕೈಗಿಟ್ಟರು.

ರಾತ್ರಿ ಬರೆಯಲು ಕೂತಾಗ ಆ ದಿನದ ಪುಟದಲ್ಲಿ ಆಗಲೇ ಎರಡು ಸಾಲು ಇದ್ದವು, ಸಾವಿತ್ರಿಯ ದುಂಡು ಅಕ್ಷರದಲ್ಲಿ: 'ವಿದ್ಯಾ ನೆಟ್ಟ ಸಾಲು 4. ಆಯಿ ಕಿತ್ತು ಮತ್ತೆ ನೆಟ್ಟದ್ದು 4.'